ಚಿಬ್ಬು ರೋಗ: ಹಣ್ಣು ಕೊಳೆಯೋದು ಬುಟ್ಟಿಯಲ್ಲಿ, ರೋಗ ತಗಲೋದು ಹೂವಿನಲ್ಲಿ

ಬೇಸಿಗೆಯಲ್ಲಿ ಭಾಲ್ಕಿಯಿಂದ ಕಾಕಾ ಒಂದು ಬುಟ್ಟಿ ಕೇಸರ್ ಮಾವು ಕಳಿಸಿದ್ದರು. ಹಸಿರು ಕಾಯಿ, ಗಟ್ಟಿ ಕಾಯಿ, ಮೈಮೇಲೆ ಒಂದು ಕಲೆ ಇಲ್ಲ. ಬೀದರ್‌ನ ಮನೆಯಲ್ಲಿ ಹುಲ್ಲು ಹಾಸಿ ಇಟ್ಟೆವು. ಐದನೇ ದಿನಕ್ಕೆ ಹಳದಿಗೆ ತಿರುಗಿದವು. ಆರನೇ ದಿನ ಅಲ್ಲಲ್ಲಿ ಕಡಲೆಕಾಳಿನಷ್ಟು ಕಪ್ಪು ಚುಕ್ಕೆ. ಎಂಟನೇ ದಿನಕ್ಕೆ ಮೂರರಲ್ಲೊಂದು ಹಣ್ಣು ಕಪ್ಪಾಗಿ, ಒತ್ತಿದರೆ ಬೆರಳು ಒಳಗೆ ಹೋಗುವಂತಾಗಿತ್ತು. ಫೋನ್ ಮಾಡಿದೆ.

“ಕಾಕಾ, ಹಣ್ಣು ಕೊಳ್ತು ಹೋಗ್ಯಾವ.”

“ಗಿಡದಾಗ ಇದ್ದಾಗ ಛಲೋನೇ ಇದ್ವಲ್ಲೋ ತಮ್ಮ. ನೀವೇ ಸರಿ ಇಟ್ಟಿಲ್ಲ ನೋಡು.”

ಪಕ್ಕದ ಮನೆಯವರು ಕಾರ್ಬೈಡ್ ಹಾಕಿರಬೇಕು ಅಂದರು. ನಾನು ಬಿಸಿಲಿನ ಮೇಲೆ ಹಾಕಿದೆ. ಮೂವರದೂ ತಪ್ಪು. ಕಾರ್ಬೈಡ್ ಯಾರೂ ಹಾಕಿರಲಿಲ್ಲ, ನಾವು ಇಟ್ಟಿದ್ದೂ ಸರಿಯಾಗೇ ಇತ್ತು. ಆ ಹಣ್ಣಿಗೆ ರೋಗ ತಗಲಿದ್ದು ಅದಕ್ಕೂ ತಿಂಗಳುಗಳ ಹಿಂದೆ, ಅದು ಇನ್ನೂ ಹೂವೋ ಹೀಚೋ ಆಗಿದ್ದಾಗ. ಈ ಬರಹ ಆ ರೋಗದ ಬಗ್ಗೆ. ಜೊತೆಗೆ, ಕೊಳೆ ಕಣ್ಣಿಗೆ ಬೀಳುವ ದಿನಕ್ಕೂ ಅದು ಶುರುವಾದ ದಿನಕ್ಕೂ ಇರುವ ಅಂತರದಲ್ಲಿ ಯಾರ ದುಡ್ಡು ಹೋಗುತ್ತೆ ಅನ್ನೋದರ ಬಗ್ಗೆ.

ಯಾರಿದು?

ಹೆಸರು ಕೊಲೆಟೋಟ್ರೈಕಮ್. ಇದೊಂದು ಶಿಲೀಂಧ್ರ ಕುಲ. 1831ರಲ್ಲಿ ಕೋರ್ಡಾ ಅನ್ನೋ ಬೊಹೀಮಿಯಾದ ವಿಜ್ಞಾನಿ ಇದಕ್ಕೆ ಹೆಸರಿಟ್ಟ. ಹಣ್ಣಿನ ಬೆಳೆಗಳನ್ನು ಕಾಡುವುದು ಮುಖ್ಯವಾಗಿ ಇದರ ‘ಗ್ಲಿಯೋಸ್ಪೋರಿಯಾಯ್ಡಿಸ್’ ಗುಂಪು. ರೋಗಕ್ಕೆ ಇಂಗ್ಲಿಷಿನಲ್ಲಿ ಆಂಥ್ರಾಕ್ನೋಸ್ ಅಂತಾರೆ. ಗ್ರೀಕ್‌ನಲ್ಲಿ ಆಂಥ್ರಾಕ್ಸ್ ಅಂದರೆ ಕಲ್ಲಿದ್ದಲು, ನೋಸೋಸ್ ಅಂದರೆ ರೋಗ. ನಮ್ಮ ತೋಟಗಾರಿಕೆ ಇಲಾಖೆಯ ಕರಪತ್ರಗಳಲ್ಲಿ ಇದು ‘ಚಿಬ್ಬು ರೋಗ’.

ಬಹಳ ಕಾಲ ಇದನ್ನು ಒಂದೇ ಪ್ರಭೇದ ಅಂದುಕೊಂಡಿದ್ದರು. 2012ರಲ್ಲಿ ಡಿಎನ್‌ಎ ಹೋಲಿಸಿ ನೋಡಿದ ವಿಜ್ಞಾನಿಗಳು, ಇದು ಒಂದಲ್ಲ, 22 ಪ್ರಭೇದಗಳ ಸಂಕೀರ್ಣ ಅಂತ ವಿಂಗಡಿಸಿದರು. ಭಾರತದ ಮಾವಿನ ಮೇಲೂ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಸಿಕ್ಕಿವೆ. ಅದೇ ವರ್ಷ ಸಸ್ಯರೋಗ ವಿಜ್ಞಾನಿಗಳು ಮತ ಹಾಕಿ ಆರಿಸಿದ ಜಗತ್ತಿನ ಹತ್ತು ಪ್ರಮುಖ ರೋಗಕಾರಕ ಶಿಲೀಂಧ್ರಗಳ ಪಟ್ಟಿಯಲ್ಲಿ ಕೊಲೆಟೋಟ್ರೈಕಮ್‌ಗೆ 8ನೇ ಸ್ಥಾನ ಸಿಕ್ಕಿತು.

ಬೀದರ್ ಜಿಲ್ಲೆಗೆ ಈ ಕುಟುಂಬ ಹೊಸದಲ್ಲ. ಕಬ್ಬಿನ ಕೆಂಪು ಕೊಳೆ ರೋಗ ತರುವುದು ಇದೇ ಕುಲದ ಫಾಲ್ಕಾಟಮ್. ಭಾಲ್ಕಿ, ಔರಾದ್ ಕಡೆ ಮುಂಗಾರಿನಲ್ಲಿ ಕಣ್ಣು ಹಾಯಿಸಿದಷ್ಟೂ ಕಾಣುವ ಸೋಯಾಗೆ ಚಿಬ್ಬು ರೋಗ ತರುವುದು ಟ್ರಂಕಾಟಮ್. ಇವು ದಾಯಾದಿಗಳು, ಒಂದೇ ಜೀವಿಯಲ್ಲ. ಕಬ್ಬಿನದು ಹಾರಿ ಮಾವಿಗೆ ಬರಲ್ಲ. ಆದರೆ ಗ್ಲಿಯೋಸ್ಪೋರಿಯಾಯ್ಡಿಸ್ ಗುಂಪಿನ ಕೆಲವಕ್ಕೆ ಮಾವು, ಪೇರಲ, ಪಪ್ಪಾಯಿ ಮೂರೂ ಆಗುತ್ತೆ.

ಗುರುತು ಹಿಡಿಯೋದು ಹೇಗೆ? ಎಲೆ ಮೇಲೆ ಕಂದು ಚುಕ್ಕೆ, ಹೂಗೊಂಚಲು ಸುಟ್ಟಂತೆ ಕಪ್ಪಾಗಿ ಉದುರೋದು, ಹಣ್ಣಿನ ಮೇಲೆ ಸ್ವಲ್ಪ ತಗ್ಗಾದ ಕಪ್ಪು ಕಲೆ. ಕೆಲವೊಮ್ಮೆ ತೊಟ್ಟಿನಿಂದ ಕೆಳಕ್ಕೆ ಕಣ್ಣೀರು ಇಳಿದಂತೆ ಕಪ್ಪು ಗೆರೆ. ಮಳೆನೀರು ಬೀಜಕಣಗಳನ್ನು ಇಳಿಸಿಕೊಂಡು ಹೋದ ದಾರಿ ಅದು. ತೇವ ಹೆಚ್ಚಿದ್ದರೆ ಕಲೆಯ ಮೇಲೆ ಕಿತ್ತಳೆ ಬಣ್ಣದ ಅಂಟು ಕಾಣುತ್ತೆ, ಅದು ಬೀಜಕಣಗಳ ರಾಶಿ. ಕೊಳೆ ತೊಟ್ಟಿನ ಸುತ್ತಲೇ ಶುರುವಾಗಿ ಉಂಗುರದಂತೆ ಕೆಳಗೆ ಹಬ್ಬಿದರೆ ಅದು ಸಾಮಾನ್ಯವಾಗಿ ಬೇರೆ ಶಿಲೀಂಧ್ರದ ತೊಟ್ಟು ಕೊಳೆ ರೋಗ.

ಹೂವಿನಲ್ಲಿ ಸೇರಿ, ಹಣ್ಣಿನಲ್ಲಿ ಏಳೋದು

ಇದರ ಬೀಜಕಣಗಳು ಧೂಳಿನಂತೆ ಗಾಳಿಯಲ್ಲಿ ಹಾರಾಡಲ್ಲ. ಅಂಟಿನಲ್ಲಿ ಕೂತಿರುತ್ತವೆ. ಮಳೆ ಹನಿ ಬಿದ್ದು ಸಿಡಿದಾಗ ಪಕ್ಕದ ಎಲೆಗೆ, ಹೂವಿಗೆ, ಕಾಯಿಗೆ ಹೋಗುತ್ತವೆ. ಅಲ್ಲಿ ಮೊಳೆಯೋಕೆ ಒದ್ದೆ ಬೇಕು. 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹತ್ತು-ಹನ್ನೆರಡು ಗಂಟೆ ಹಸಿ ಆರದೇ ಇದ್ದರೆ ಸಾಕು.

ಮೊಳೆತ ಬೀಜಕಣ ತುದಿಯಲ್ಲಿ ಅಪ್ರೆಸೋರಿಯಂ ಅನ್ನೋ ಒಂದು ಕಪ್ಪು ಗುಬುಟು ಕಟ್ಟುತ್ತೆ. ಇಂಜಿನಿಯರಿಂಗ್ ಓದಿದವನಿಗೆ ಇಲ್ಲಿ ಬೆರಗಾಗದೇ ಇರೋಕೆ ಆಗಲ್ಲ. ಆ ಗುಬುಟಿನ ಗೋಡೆಗೆ ಮೆಲನಿನ್ ಲೇಪ ಇರುತ್ತೆ, ಒಳಗೆ ಒತ್ತಡ ಏರುತ್ತೆ. ಮೆಕ್ಕೆಜೋಳಕ್ಕೆ ರೋಗ ತರುವ ಇದರ ದಾಯಾದಿಯಲ್ಲಿ ಆ ಒತ್ತಡ ಅಳೆದಿದ್ದಾರೆ: ಸುಮಾರು 50 ವಾತಾವರಣದಷ್ಟು. ಕಾರಿನ ಟೈರಿನಲ್ಲಿರುವ ಗಾಳಿಯ ಇಪ್ಪತ್ತು ಪಟ್ಟಿಗೂ ಹೆಚ್ಚು. ಆ ಒತ್ತಡದಲ್ಲಿ ಒಂದು ಸೂಜಿ ಮೊನೆ ಹೊರಬಂದು ಸಿಪ್ಪೆಯ ಮೇಣದ ಪದರ ಚುಚ್ಚುತ್ತೆ.

ಆಮೇಲೆ ಏನೂ ಮಾಡಲ್ಲ. ಸುಮ್ಮನೆ ಕೂರುತ್ತೆ. ಈ ರೋಗದ ಕಥೆಯೆಲ್ಲ ಇರೋದು ಇಲ್ಲೇ. ಹಸಿ ಮಾವಿನಕಾಯಿಯ ಸಿಪ್ಪೆಯಲ್ಲಿ ರೆಸಾರ್ಸಿನಾಲ್ ಅನ್ನೋ ಗುಂಪಿನ ಶಿಲೀಂಧ್ರನಾಶಕ ರಾಸಾಯನಿಕಗಳಿರುತ್ತವೆ. ಅವು ಇರೋವರೆಗೆ ಶಿಲೀಂಧ್ರ ಮುಂದುವರಿಯಲ್ಲ. ಕಾಯಿ ಹಣ್ಣಾಗುತ್ತಾ ಅವು ಇಳಿಯುತ್ತವೆ, ಸಕ್ಕರೆ ಏರುತ್ತೆ, ಸಿಪ್ಪೆ ಮೆದುವಾಗುತ್ತೆ. ಹಣ್ಣು ಬಿಡುವ ಎಥಿಲೀನ್ ಅನಿಲವೇ ಈ ಶಿಲೀಂಧ್ರಕ್ಕೂ ಸೂಚನೆ ಅಂತ 1994ರ ಸಂಶೋಧನೆಯೊಂದು ತೋರಿಸಿತು: ಎಥಿಲೀನ್ ತಾಗಿದರೆ ಬೀಜಕಣ ಮೊಳೆತು ಅಪ್ರೆಸೋರಿಯಂ ಕಟ್ಟುತ್ತೆ. ಅಂದರೆ ‘ಹಣ್ಣಾಗು’ ಅಂತ ಗಿಡ ತನಗೇ ಕೊಟ್ಟುಕೊಳ್ಳುವ ಆದೇಶವನ್ನು ಒಳಗೆ ಕೂತವನೂ ಕೇಳಿಸಿಕೊಳ್ತಾನೆ.

ಹಾಗಾಗಿ ತೋಟದಲ್ಲಿ ಚೆನ್ನಾಗಿದ್ದ ಕಾಯಿ ಮನೆಯಲ್ಲಿ ಕೊಳೆಯುತ್ತೆ. ಕಾಕಾ ಸುಳ್ಳು ಹೇಳಿರಲಿಲ್ಲ.

ಬೀದರ್‌ನಲ್ಲಿ ಯಾಕೆ?

ಬೀದರ್ ನಗರದ ಸುತ್ತ ಜಂಬಿಟ್ಟಿಗೆಯ ಕೆಂಪು ನೆಲ. ಇಲ್ಲಿ ಪೇರಲ ಚೆನ್ನಾಗಿ ಬರುತ್ತೆ. ನಮ್ಮ ಬೀದಿಗಳಲ್ಲಿ ಅದನ್ನು ‘ಜಾಮ್’ ಅಂತ ಕೂಗಿ ಮಾರೋದನ್ನು ಕೇಳಿಯೇ ಇರ್ತೀರಿ. ಮಾವು, ಪಪ್ಪಾಯಿ ತೋಟಗಳೂ ಇವೆ. ಭಾಲ್ಕಿಯ ಬ್ಯಾಲಹಳ್ಳಿಯಲ್ಲಿ ಕಾರಂಜಾ ಅಣೆಕಟ್ಟು, ಔರಾದ್ ಮಗ್ಗುಲಲ್ಲಿ ಮಾಂಜ್ರಾ ನದಿ. ನೀರು ಸಿಕ್ಕಲ್ಲಿ ಹಣ್ಣಿನ ಗಿಡ ಏಳುತ್ತೆ.

ಒಣ ನಾಡಿನಲ್ಲಿ ಒದ್ದೆಯ ರೋಗ ಹೇಗೆ ಅಂತ ಕೇಳಬಹುದು. ಈ ರೋಗಕ್ಕೆ ವರ್ಷಪೂರ್ತಿ ಮಳೆ ಬೇಕಿಲ್ಲ, ಸರಿಯಾದ ವಾರದಲ್ಲಿ ಎರಡು ದಿನದ ಮಳೆ ಸಾಕು. ಮಾವು ಜನವರಿ–ಫೆಬ್ರವರಿಯಲ್ಲಿ ಹೂ ಬಿಟ್ಟು, ಮಾರ್ಚ್‌ನಲ್ಲಿ ಕಾಯಿ ಕಚ್ಚುತ್ತೆ. ಅದೇ ಹೊತ್ತಿಗೆ ಈ ಭಾಗದಲ್ಲಿ ಅಕಾಲಿಕ ಮಳೆ ಬೀಳೋದುಂಟು. 2014ರ ಫೆಬ್ರವರಿ–ಮಾರ್ಚ್‌ನಲ್ಲಿ ಮರಾಠವಾಡ ಮತ್ತು ಉತ್ತರ ಕರ್ನಾಟಕದ ಮೇಲೆ ಬಿದ್ದ ಆಲಿಕಲ್ಲು ಮಳೆಯನ್ನು ಇಲ್ಲಿನ ರೈತರು ಮರೆತಿಲ್ಲ.

ಪೇರಲದ ಲೆಕ್ಕ ಬೇರೆ. ಅದು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೂ ಬಿಡುತ್ತೆ. ಬೇಸಿಗೆಯಲ್ಲಿ ಹೂ ಬಿಟ್ಟರೆ ಕಾಯಿ ಬಲಿಯೋದು ಮಳೆಗಾಲದಲ್ಲಿ. ರೋಗ, ಹಣ್ಣು ನೊಣ ಎರಡೂ ಕಾದಿರುತ್ತವೆ. ಜೂನ್–ಜುಲೈ ಹೂವಿನ ಹಣ್ಣು ಚಳಿಗಾಲಕ್ಕೆ ಬರುತ್ತೆ, ರುಚಿಯೂ ಹೆಚ್ಚು, ಕೊಳೆಯೂ ಕಡಿಮೆ. ಬಲ್ಲವರು ಬೇಸಿಗೆಯಲ್ಲಿ ನೀರು ನಿಲ್ಲಿಸಿ ಮೊದಲ ಹೂ ಉದುರಿಸೋದು ಇದಕ್ಕೇ.

ನಷ್ಟ ಎಷ್ಟು? ಲೂಧಿಯಾನದಲ್ಲಿರುವ ಕೇಂದ್ರದ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆ ಸಿಫೆಟ್‌ನ 2015ರ ವರದಿಯ ಪ್ರಕಾರ ದೇಶದಲ್ಲಿ ಪೇರಲದ ಕೊಯ್ಲು ಮತ್ತು ಕೊಯ್ಲೋತ್ತರ ನಷ್ಟ ಶೇ. 15.88, ಮಾವಿನದು ಶೇ. 9.16. ಇದರಲ್ಲಿ ಏಟು ಬಿದ್ದದ್ದು, ಹುಳ ತಿಂದದ್ದು ಎಲ್ಲ ಸೇರಿದೆ. ಆ ವರದಿ ಅಳೆದ ಹಣ್ಣು-ತರಕಾರಿಗಳಲ್ಲಿ ಅತಿ ಹೆಚ್ಚು ನಷ್ಟ ಪೇರಲದ್ದೇ, ಅಂದರೆ ನಮ್ಮ ಜಾಮ್‌ನದೇ.

ನಷ್ಟ ಯಾರ ತಲೆಗೆ?

ಇಲ್ಲಿಂದ ವಿಜ್ಞಾನ ಮುಗಿದು ರಾಜಕೀಯ ಶುರುವಾಗುತ್ತೆ.

ಆಲಿಕಲ್ಲು ಬಿದ್ದರೆ ಫೋಟೋ ಬರುತ್ತೆ. ತಹಶೀಲ್ದಾರ್ ಬರ್ತಾರೆ, ಸರ್ವೆ ಆಗುತ್ತೆ. ಶೇ. 33ಕ್ಕಿಂತ ಹೆಚ್ಚು ಹಾನಿ ಅಂತಾದರೆ ವಿಪತ್ತು ಪರಿಹಾರದ 2022–26ರ ಮಾನದಂಡದಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರ್ ಮಿತಿಯಲ್ಲಿ. ಕಡಿಮೆಯೇ, ಆದರೆ ಒಂದು ದಾರಿಯಾದರೂ ಇದೆ. ಹೂವಿನ ಹೊತ್ತಿಗೆ ಎರಡು ದಿನ ಜಿಟಿಜಿಟಿ ಮಳೆ ಬಂದು ಹೋದರೆ ಯಾರೂ ಬರಲ್ಲ. ಬಂದರೂ ನೋಡೋಕೆ ಏನಿದೆ? ಕಾಯಿ ಹಸಿರಾಗಿದೆ, ಗಿಡ ಚೆನ್ನಾಗಿದೆ. ಕೊಳೆಯುವ ಹೊತ್ತಿಗೆ ಹಣ್ಣು ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದ್ ಮಾರುಕಟ್ಟೆಯಲ್ಲೋ, ತಳ್ಳುಗಾಡಿಯ ಮೇಲೋ, ನಿಮ್ಮ ಅಡುಗೆಮನೆಯಲ್ಲೋ ಇರುತ್ತೆ.

ಹಾಗಾಗಿ ಹಣ್ಣಾಗುವ ದಿನ ಯಾರ ಕೈಯಲ್ಲಿದೆಯೋ ನಷ್ಟ ಅವರದು. ದೊಡ್ಡ ವ್ಯಾಪಾರಿ ಇದನ್ನು ಮೊದಲೇ ಲೆಕ್ಕ ಹಾಕಿ ರೈತನಿಗೆ ಕೊಡುವ ದರದಲ್ಲೇ ಕಡಿದುಕೊಳ್ತಾನೆ. ಹಾಗೆ ಕಡಿದುಕೊಳ್ಳೋಕೆ ಆಗದಿರೋದು ಗಾಡಿಯವಳಿಗೆ. ಬೆಳಿಗ್ಗೆ ಕೊಂಡ ಹಣ್ಣು ಮರುದಿನ ಸಂಜೆಗೆ ಕಪ್ಪಾದರೆ ಅವಳ ದಿನದ ದುಡಿಮೆ ಹೋಯ್ತು. ಅವಳಿಗೆ ವಿಮೆಯೂ ಇಲ್ಲ, ಸರ್ವೆಯೂ ಇಲ್ಲ.

ತೋಟದ ಗುತ್ತಿಗೆ ಪದ್ಧತಿ ಇದನ್ನು ಇನ್ನಷ್ಟು ಗಟ್ಟಿ ಮಾಡುತ್ತೆ. ಮಾವಿನ ಫಸಲನ್ನು ಹೂ ಬಿಟ್ಟಾಗಲೋ ಕಾಯಿ ಕಚ್ಚಿದಾಗಲೋ ಗುತ್ತಿಗೆಗೆ ಕೊಡೋದು ದೇಶದ ಹಲವು ಕಡೆ ಇರುವ ರೂಢಿ. ಈ ಶಿಲೀಂಧ್ರ ಮುಂದಿನ ವರ್ಷದವರೆಗೆ ಬದುಕೋದು ಗಿಡದಲ್ಲೇ ಉಳಿದ ಒಣಕಲು ರೆಂಬೆ, ಒಣಗಿದ ಹೂಗೊಂಚಲು, ರೋಗ ಬಂದ ಎಲೆಗಳಲ್ಲಿ. ಕೊಯ್ಲು ಮುಗಿದ ಮೇಲೆ ಅವನ್ನು ಕತ್ತರಿಸಿ ಸುಟ್ಟರೆ ಅರ್ಧ ಯುದ್ಧ ಗೆದ್ದಂತೆ. ಆದರೆ ಕತ್ತರಿಸೋದು ಯಾರು? ಗುತ್ತಿಗೆದಾರ ಜೂನ್‌ಗೆ ಹೋಗಿಬಿಡ್ತಾನೆ, ಮುಂದಿನ ವರ್ಷ ಈ ತೋಟ ತನಗೇ ಸಿಗುತ್ತೆ ಅನ್ನೋ ಖಾತ್ರಿ ಅವನಿಗಿಲ್ಲ. ಮಾಲೀಕನಿಗೆ ಗುತ್ತಿಗೆ ದುಡ್ಡು ಮೊದಲೇ ಬಂದಿರುತ್ತೆ, ಹಣ್ಣು ಕೊಳೆತರೆ ಅವನದಲ್ಲ. ಒಂದೇ ಗಿಡಕ್ಕೆ ಇಬ್ಬರು ಯಜಮಾನರು, ಚಾಟನಿ ಮಾಡೋಕೆ ಒಬ್ಬರೂ ಇಲ್ಲ. ಶಿಲೀಂಧ್ರ ಮಳೆಗಾಲ ಕಳೆಯೋದು ಆ ಸಂದಿಯಲ್ಲಿ.

ವಿಮೆ ಇಲ್ವಾ? ಇದೆ. ಕರ್ನಾಟಕದಲ್ಲಿ ಮಾವು, ದಾಳಿಂಬೆ, ಅಡಿಕೆಯಂಥ ಬೆಳೆಗಳಿಗೆ, ಆಯಾ ಜಿಲ್ಲೆಯ ಅಧಿಸೂಚನೆಯಂತೆ, ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ರೈತ ಕಟ್ಟೋದು ವಿಮಾ ಮೊತ್ತದ ಗರಿಷ್ಠ ಶೇ. 5. ಪರಿಹಾರ ತೀರ್ಮಾನವಾಗೋದು ಮಳೆಮಾಪಕದ ಅಂಕಿ ನೋಡಿ, ಹಣ್ಣು ನೋಡಿ ಅಲ್ಲ. ಯೋಚನೆ ಕೆಟ್ಟದ್ದಲ್ಲ. ಆದರೆ ಬಾಯಿಮಾತಿನ ಗುತ್ತಿಗೆ ಹಿಡಿದವನ ಹೆಸರು ಪಹಣಿಯಲ್ಲಿ ಇರಲ್ಲ. ತಳ್ಳುಗಾಡಿಗೆ ಪಹಣಿಯೇ ಇಲ್ಲ.

ಔಷಧ ಅಂಗಡಿಯ ಉತ್ತರ

ಯಾವುದೇ ತಾಲೂಕಿನ ಔಷಧ ಅಂಗಡಿಗೆ ಹೋಗಿ ಚಿಬ್ಬು ಬಂದಿದೆ ಅಂದರೆ ಕೈಗೆ ಬರೋದು ಸಾಮಾನ್ಯವಾಗಿ ಕಾರ್ಬೆಂಡಜಿಮ್, ಮ್ಯಾಂಕೋಜೆಬ್ ಅಥವಾ ಎರಡೂ ಬೆರೆತದ್ದು. ಹೂ ಬಿಡುವ ಮುಂಚೆ, ಕಾಯಿ ಕಚ್ಚಿದ ಮೇಲೆ, ಅಳತೆಯಂತೆ ಸಿಂಪಡಿಸಿದರೆ ಇವು ಕೆಲಸ ಮಾಡುತ್ತವೆ. ತೊಂದರೆ ಎರಡು.

ಒಂದು, ಕಾರ್ಬೆಂಡಜಿಮ್ ಹಿಡಿಯೋದು ಶಿಲೀಂಧ್ರದ ಒಂದೇ ಪ್ರೋಟೀನನ್ನು. ಅದರ ಜೀನ್‌ನಲ್ಲಿ ಒಂದು ಅಕ್ಷರ ಬದಲಾದರೂ ಔಷಧ ನಾಟಲ್ಲ. ಅದನ್ನೇ ಪದೇ ಪದೇ ಹೊಡೆದಷ್ಟೂ, ಸಾಯದವು ಮಾತ್ರ ಉಳಿದು ಹೆಚ್ಚುತ್ತವೆ. ಜಗತ್ತಿನ ಹಲವು ಕಡೆ ಕೊಲೆಟೋಟ್ರೈಕಮ್‌ನಲ್ಲಿ ಇದು ಆಗಿದೆ. ತಾಮ್ರದ ಔಷಧಗಳಿಗೆ ಈ ತೊಂದರೆ ಕಡಿಮೆ. ಆದರೆ ಅವು ಹೊರಮೈಯ ಕಾವಲುಗಾರರು, ಒಳಗೆ ಸೇರಿದವನನ್ನು ಮುಟ್ಟಲ್ಲ.

ಎರಡು, 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವೇ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತ್ತು. ಮನುಷ್ಯರ ಮತ್ತು ಪ್ರಾಣಿಗಳ ಆರೋಗ್ಯದ ಕಾರಣ ಕೊಟ್ಟಿದ್ದ ಆ ಪಟ್ಟಿಯಲ್ಲಿ ಕಾರ್ಬೆಂಡಜಿಮ್, ಮ್ಯಾಂಕೋಜೆಬ್ ಎರಡೂ ಇದ್ದವು. 2023ರಲ್ಲಿ ನಿಷೇಧದ ಆದೇಶ ಬಂದಾಗ ಅವೆರಡೂ ಅದರಲ್ಲಿರಲಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಕಾರ್ಬೆಂಡಜಿಮ್ ಅನುಮತಿ 2014ರಲ್ಲೇ ಮುಗಿದಿದೆ. ಹಣ್ಣು ಕೊಳೆತ ಮೇಲೆ ಗಾಬರಿಯಾಗಿ ಕೊಯ್ಲಿನ ಹಿಂದಿನ ವಾರ ಹೊಡೆಯೋ ಔಷಧ ರೋಗಕ್ಕೆ ತಡವಾಗಿ, ನಮ್ಮ ಹೊಟ್ಟೆಗೆ ಬೇಗನೆ ತಲುಪುತ್ತೆ.

ಹಾಗಾದರೆ ಏನು ಮಾಡಬಹುದು?

ಮೊದಲನೆಯದು ಚಾಟನಿ. ಖರ್ಚು ಕೂಲಿ ಮಾತ್ರ. ಆದರೆ ಒಬ್ಬ ಮಾಡಿ ಪಕ್ಕದವನು ಬಿಟ್ಟರೆ ಫಲ ಅರ್ಧ. ಇದು ಊರು ಸೇರಿ ಮಾಡಬೇಕಾದ ಕೆಲಸ. ಎರಡನೆಯದು, ಪೇರಲದಲ್ಲಿ ಮಳೆಗಾಲದ ಬೆಳೆ ಬಿಡೋದು ಮತ್ತು ಕಾಯಿಗೆ ಚೀಲ ಕಟ್ಟೋದು.

ಮೂರನೆಯದು ನನಗೆ ತುಂಬ ಇಷ್ಟವಾದದ್ದು: ಬಿಸಿನೀರು. ಕೊಯ್ದ ಮಾವನ್ನು 52 ಡಿಗ್ರಿ ಆಸುಪಾಸಿನ ನೀರಿನಲ್ಲಿ 5ರಿಂದ 10 ನಿಮಿಷ ಅದ್ದಿ ತೆಗೆದರೆ ಚಿಬ್ಬು ಬಹಳ ಮಟ್ಟಿಗೆ ಹತೋಟಿಗೆ ಬರುತ್ತೆ. ಶಿಲೀಂಧ್ರ ಕೂತಿರೋದು ಸಿಪ್ಪೆಯಲ್ಲೇ, ಆಳದಲ್ಲಲ್ಲ. ಹಾಗಾಗಿ ಶಾಖ ಅದಕ್ಕೆ ತಲುಪುತ್ತೆ, ಹಣ್ಣು ಬೇಯಲ್ಲ. ತಣ್ಣಗಾದರೆ ಪ್ರಯೋಜನ ಇಲ್ಲ, ಹೆಚ್ಚು ಬಿಸಿಯಾದರೆ ಸಿಪ್ಪೆ ಸುಡುತ್ತೆ. ಹಾಗಾಗಿ ಬೇಕಿರೋದು ಒಂದು ತೊಟ್ಟಿ, ಒಂದು ಹೀಟರ್, ನೀರು ತಿರುಗಿಸೋ ಪಂಪು, ಒಂದು ಥರ್ಮೋಸ್ಟಾಟ್. 500 ಲೀಟರ್ ನೀರನ್ನು 27ರಿಂದ 52 ಡಿಗ್ರಿಗೆ ಏರಿಸೋಕೆ ಸುಮಾರು 15 ಯೂನಿಟ್ ಕರೆಂಟ್ ಸಾಕು. ಆಮೇಲೆ ಬಿಸಿ ಇಳಿಯದಂತೆ ನೋಡಿಕೊಂಡರಾಯ್ತು. ಒಬ್ಬ ಸಣ್ಣ ರೈತ ಇದನ್ನು ಇಟ್ಟುಕೊಳ್ಳೋದು ಕಷ್ಟ. ಹೋಬಳಿಗೊಂದು ಇಟ್ಟರೆ ಕಷ್ಟವೇ ಅಲ್ಲ. 10,000 ರೈತ ಉತ್ಪಾದಕ ಸಂಸ್ಥೆ ಕಟ್ಟುವ ಯೋಜನೆಯನ್ನು ಕೇಂದ್ರ 2020ರಲ್ಲೇ ಘೋಷಿಸಿದೆ. ಇಂಥ ತೊಟ್ಟಿ ಆ ಸಂಸ್ಥೆಗಳ ಕೆಲಸವಲ್ಲದಿದ್ದರೆ ಇನ್ಯಾರ ಕೆಲಸ?

ಡೇಟಾ ಇದೆ, ಎಚ್ಚರಿಕೆ ಎಲ್ಲಿ?

ನಾಲ್ಕನೆಯದು ಮುನ್ಸೂಚನೆ. ಹೂ ಎಷ್ಟು ಗಂಟೆ ಒದ್ದೆಯಿತ್ತು, ಆಗ ಉಷ್ಣಾಂಶ ಎಷ್ಟಿತ್ತು ಅನ್ನೋ ಎರಡು ಅಂಕಿ ಇದ್ದರೆ ಮಾವಿನ ಚಿಬ್ಬು ಸೋಂಕನ್ನು ಅಂದಾಜು ಮಾಡಬಹುದು ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು 1984ರಲ್ಲೇ ಸೂತ್ರ ಕೊಟ್ಟಿದ್ದಾರೆ. ಅಮೆರಿಕದ ಫ್ಲೋರಿಡಾದಲ್ಲಿ ಸ್ಟ್ರಾಬೆರಿ ಬೆಳೆಗಾರರಿಗೆ ವಿಶ್ವವಿದ್ಯಾಲಯವೇ ಇಂಥ ಲೆಕ್ಕ ಹಾಕಿ ‘ಇವತ್ತು ಸಿಂಪಡಿಸಿ’, ‘ಇವತ್ತು ಬೇಡ’ ಅಂತ ಹೇಳುತ್ತೆ. ಪಕ್ಕದ ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಹವಾಮಾನ ನೋಡಿ ದ್ರಾಕ್ಷಿಗೆ ಸಲಹೆ ಕೊಡುತ್ತೆ. ದ್ರಾಕ್ಷಿಗೆ ರಫ್ತು ಮಾರುಕಟ್ಟೆ ಇದೆ, ಕೇಳುವವರಿದ್ದಾರೆ. ಜಾಮ್‌ಗೆ ಇರೋದು ತಳ್ಳುಗಾಡಿ.

ಕರ್ನಾಟಕದಲ್ಲಿ ಅಂಕಿಗಳಿಗೆ ಬರವಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ರಾಜ್ಯದಲ್ಲಿ 6 ಸಾವಿರಕ್ಕೂ ಹೆಚ್ಚು. ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳು ಉಷ್ಣಾಂಶ, ತೇವಾಂಶವನ್ನೂ ದಾಖಲಿಸುತ್ತವೆ. ಮಳೆ ಬರುತ್ತಾ ಅಂತ ಕೇಳೋಕೆ ‘ವರುಣಮಿತ್ರ’ ಸಹಾಯವಾಣಿ ಇದೆ. ವಿಮೆ ಕಂಪನಿಗೆ ಪರಿಹಾರ ಲೆಕ್ಕ ಹಾಕೋಕೆ ಬಳಕೆಯಾಗೋದೂ ಇಂಥದ್ದೇ ಅಂಕಿ. ಅಂದರೆ ಹೂವಿನ ಹೊತ್ತಿನ ಮಳೆಯಿಂದ ನಷ್ಟವಾಗುತ್ತೆ ಅಂತ ಸರ್ಕಾರ ತಾನೇ ಒಪ್ಪಿಕೊಂಡಿದೆ. ನಷ್ಟವಾದ ಮೇಲೆ ದುಡ್ಡು ಕೊಡೋಕೆ ಬಳಸುವ ಅಂಕಿಯನ್ನು ನಷ್ಟ ತಪ್ಪಿಸೋಕೂ ಬಳಸಿ ಅಂತ ಕೇಳೋದು ದೊಡ್ಡ ಬೇಡಿಕೆಯಲ್ಲ. ‘ನಿಮ್ಮ ಹೋಬಳಿಯಲ್ಲಿ ನಿನ್ನೆ ರಾತ್ರಿ ಹೂ ಹನ್ನೆರಡು ಗಂಟೆ ಒದ್ದೆಯಿತ್ತು, ನಾಳೆಯೊಳಗೆ ಸಿಂಪಡಿಸಿ’ ಅನ್ನೋ ಒಂದು ಕನ್ನಡ ಮೆಸೇಜ್. ಮಳೆ ಬಾರದ ವರ್ಷ ‘ಈ ವಾರ ಔಷಧ ಬೇಡ’ ಅನ್ನೋ ಇನ್ನೊಂದು.

ಇದಕ್ಕೆ ಜನ ಬೇಕು. ಬೀದರ್‌ನಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯದ ತೋಟಗಾರಿಕೆ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಆದರೆ ದೇಶದ ದಿಕ್ಕು ಉಲ್ಟಾ ಇದೆ: ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆದಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚಲು 2024ರ ಆರಂಭದಲ್ಲಿ ಹವಾಮಾನ ಇಲಾಖೆ ಆದೇಶ ಹೊರಡಿಸಿತು. ಅಂಕಿ ಈಗ ಯಂತ್ರದಿಂದಲೇ ಬರುತ್ತೆ, ಜನ ಯಾಕೆ ಅನ್ನೋದು ಆಗ ಕೇಳಿಬಂದ ವಾದ. ಅಂಕಿ ಯಂತ್ರದಿಂದ ಬರುತ್ತೆ ಸರಿ. ಔರಾದ್‌ನ ರೈತನಿಗೆ ಅದರ ಅರ್ಥ ಹೇಳೋರು ಯಾರು?

ಒಮ್ಮೆ ಹಿಂದೆ ನೋಡಿ. ‘ಕೊಳೆರೋಗ’ ಅನ್ನೋ ಕನ್ನಡ ಪದ 1876ರಲ್ಲೇ ಕಾಫಿಯ ಕೊಳೆ ತರುವ ಶಿಲೀಂಧ್ರದ ಲ್ಯಾಟಿನ್ ಹೆಸರಿಗೆ ಸೇರಿತು. 1908ರಲ್ಲಿ ಮೈಸೂರು ಸರ್ಕಾರ ಕೆನಡಾದ ಲೆಸ್ಲಿ ಕೋಲ್ಮನ್‌ರನ್ನು ನೇಮಿಸಿತು. ಅವರು ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ವರದಿ ಪ್ರಕಟಿಸಿದರು. ಮಳೆಗೆ ಮುಂಚೆಯೇ ಬೋರ್ಡೋ ದ್ರಾವಣ ಹೊಡೆಯೋದು ಮಲೆನಾಡಿನ ಪಂಚಾಂಗದ ಭಾಗವೇ ಆಯ್ತು. ಕೊಳೆಯುವ ಮುಂಚೆ ಎಚ್ಚರಿಸೋದು ಸರ್ಕಾರದ ಕೆಲಸ ಅಂತ ನೂರು ವರ್ಷದ ಹಿಂದೆ ಈ ರಾಜ್ಯದ ಒಂದು ಭಾಗಕ್ಕೆ ಗೊತ್ತಿತ್ತು. ಆಗ ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ್ 1956ರಿಂದ ಇದೇ ರಾಜ್ಯದಲ್ಲಿದೆ.

ಇತ್ತೀಚೆಗೆ ಕಾಕಾಗೆ ಮತ್ತೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿ, “ಹಂಗಾದ್ರ ಹೂ ಬಿಟ್ಟಾಗ ಮಳಿ ಬಂತಂದ್ರ ನಂಗ ಹೇಳೋರು ಯಾರೋ ತಮ್ಮ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಪಂಚಾಯಿತಿಯ ಮಳೆಮಾಪಕದಲ್ಲಿ ಅಂಕಿ ಮಾತ್ರ ಇರುತ್ತೆ.